ಅಯಾನು ಒಳಗೆ ಹೋಗುತ್ತಾ, ಹೊರಗೆ ಬರುತ್ತಾ? ತಪ್ಪಿಲ್ಲದೆ ಹೇಳುವ ಕ್ರಮ

ಮೈಸೂರಿನ ಸರಸ್ವತಿಪುರಂನಲ್ಲಿ ಸಂಜೆ ಹೊತ್ತು ಟ್ಯೂಷನ್ ಮಾಡುತ್ತೇನೆ. ಪ್ರತಿ ವರ್ಷ ಒಂದು ಪ್ರಶ್ನೆ ಕೊಡುತ್ತೇನೆ. ಅಯಾನು ಅಂದರೆ ವಿದ್ಯುತ್ ಚಾರ್ಜ್ ಹೊತ್ತ ಕಣ; ಕ್ಲೋರೈಡ್ ಋಣ ಚಾರ್ಜಿನ ಅಯಾನು. ನರಕೋಶದ ಹೊರಗೆ ಕ್ಲೋರೈಡ್ 110 ಮಿಲಿಮೋಲಾರ್ ಇದೆ, ಒಳಗೆ 10. ಕೋಶದ ಪೊರೆಯ ವೋಲ್ಟೇಜ್ −70 ಮಿಲಿವೋಲ್ಟ್. ಕ್ಲೋರೈಡಿಗೆ ಬಾಗಿಲು ತೆರೆದರೆ ಅದು ಯಾವ ಕಡೆ ಹೋಗುತ್ತದೆ?

ಪಿಯುಸಿಯವರೂ ಬರೆಯುತ್ತಾರೆ, ಬಿಎಸ್ಸಿಯವರೂ ಬರೆಯುತ್ತಾರೆ. ಉತ್ತರ ಮಾತ್ರ ಒಂದೇ: "ಹೊರಗೆ ಜಾಸ್ತಿ ಇದೆ, ಆದ್ದರಿಂದ ಒಳಗೆ ಬರುತ್ತದೆ." ತಪ್ಪು. ಇಲ್ಲಿ ಕ್ಲೋರೈಡ್ ಹೊರಗೆ ಹೋಗುತ್ತದೆ. ಹೊರಗೆ ಹನ್ನೊಂದು ಪಟ್ಟು ಜಾಸ್ತಿ ಇದ್ದರೂ ಹೊರಗೇ ಹೋಗುತ್ತದೆ.

ಬುದ್ಧಿ ಕಡಿಮೆಯಾಗಿ ಈ ತಪ್ಪು ಆಗುವುದಿಲ್ಲ. ಹಂತಗಳ ಕ್ರಮ ತಪ್ಪುವುದರಿಂದ ಆಗುತ್ತದೆ. ಆರನೇ ಹಂತದಲ್ಲಿ ಹೇಳಬೇಕಾದ ಉತ್ತರವನ್ನು ಮೂರನೇ ಹಂತದಲ್ಲೇ ಹೇಳಿಬಿಡುತ್ತಾರೆ, ಅಷ್ಟೇ. ಹಾಗಾಗಿ ಕೆಳಗಿನದನ್ನು ಬರೆದ ಕ್ರಮದಲ್ಲೇ ಮಾಡಿ. ಮಧ್ಯೆ ಹಾರಬೇಡಿ.

ಮೊದಲು ಬೇಕಾದ ಸಾಮಾನು

ಒಂದು ಹಾಳೆ, ಎರಡು ಬಣ್ಣದ ಪೆನ್ನು. ಒಂದು ಬಣ್ಣ ಸಾರತೆಗೆ, ಇನ್ನೊಂದು ವೋಲ್ಟೇಜಿಗೆ. ಸಾರತೆ ಅಂದರೆ ಕ್ಲಾಸಿನಲ್ಲಿ ನಾವು ಕಾನ್ಸಂಟ್ರೇಶನ್ ಅನ್ನುತ್ತೇವಲ್ಲ, ಅದೇ. ಎರಡು ಬಣ್ಣ ಯಾಕೆ ಅಂತ ಉದಾಸೀನ ಮಾಡಬೇಡಿ. ಈ ಎರಡನ್ನೂ ಒಂದೇ ಶಾಯಿಯಲ್ಲಿ ಬರೆದವರೇ ಕೊನೆಗೆ ಎರಡನ್ನೂ ಕಲಸಿಕೊಳ್ಳುತ್ತಾರೆ.

ನೀಟ್ ಪರೀಕ್ಷೆಗೆ ಕ್ಯಾಲ್ಕುಲೇಟರ್ ಬಿಡುವುದಿಲ್ಲ. ಅದಕ್ಕೆ ನಾಲ್ಕು ಲಾಗ್ ಬಾಯಿಪಾಠ ಇರಲಿ: ಲಾಗ್ 2 = 0.3, ಲಾಗ್ 3 = 0.48, ಲಾಗ್ 5 = 0.7, ಲಾಗ್ 7 = 0.85. ಉಳಿದದ್ದನ್ನು ಕೂಡಿಸಿಕೊಂಡರೆ ಆಯಿತು.

ಆಮೇಲೆ ಸಾರತೆಯ ಪಟ್ಟಿ. ಸಸ್ತನಿಗಳ ನರಕೋಶಕ್ಕೆ ಈ ಅಂದಾಜು ಅಂಕಿ ಸಾಕು, ಎಲ್ಲವೂ ಮಿಲಿಮೋಲಾರ್‌ನಲ್ಲಿ:

- ಪೊಟ್ಯಾಸಿಯಂ: ಹೊರಗೆ 4, ಒಳಗೆ 140
- ಸೋಡಿಯಂ: ಹೊರಗೆ 145, ಒಳಗೆ 12
- ಕ್ಲೋರೈಡ್: ಹೊರಗೆ 110, ಒಳಗೆ 10
- ಕ್ಯಾಲ್ಸಿಯಂ: ಹೊರಗೆ 1.2, ಒಳಗೆ 0.0001

ಒಂದು ಎಚ್ಚರಿಕೆ. ಕೆಲವು ಪುಸ್ತಕಗಳು ಸ್ಕ್ವಿಡ್ ಎಂಬ ಕಡಲಪ್ರಾಣಿಯ ನರದ ಅಂಕಿ ಕೊಟ್ಟಿರುತ್ತವೆ. ಅದರಲ್ಲಿ ಪೊಟ್ಯಾಸಿಯಂ ಹೊರಗೆ 20, ಒಳಗೆ 400. ಅದನ್ನು ನಮ್ಮ ದೇಹದ 37 ಡಿಗ್ರಿ ಲೆಕ್ಕಕ್ಕೆ ಹಾಕಬೇಡಿ. ಒಂದು ಲೆಕ್ಕಕ್ಕೆ ಒಂದೇ ಪಟ್ಟಿ, ಒಂದೇ ಪ್ರಾಣಿ.

ಹಂತ 1: ಪೊರೆ ಬರೆಯಿರಿ, ಒಳಗೆ–ಹೊರಗೆ ಗುರುತು ಹಾಕಿ

ಹಾಳೆಯ ಮಧ್ಯೆ ಉದ್ದಕ್ಕೆ ಎರಡು ಗೆರೆ ಎಳೆಯಿರಿ. ಎಡಕ್ಕೆ "ಹೊರಗೆ", ಬಲಕ್ಕೆ "ಒಳಗೆ" ಎಂದು ಬರೆಯಿರಿ. ಎರಡೂ ಕಡೆ ಸಾರತೆಯ ಅಂಕಿ ಹಾಕಿ.

ವೋಲ್ಟೇಜ್ ಯಾವಾಗಲೂ ಹೊರಗಿನದಕ್ಕೆ ಹೋಲಿಸಿ ಒಳಗಿನದು. ಹೊರಗು ಸೊನ್ನೆ ಅಂತ ಇಟ್ಟುಕೊಂಡರೆ ಒಳಗು −70 ಮಿಲಿವೋಲ್ಟ್. ಇದನ್ನು ಉಲ್ಟಾ ಹಿಡಿದರೆ ಮುಂದಿನದೆಲ್ಲ ಉಲ್ಟಾ.

ಹಂತ 2: ಬಾಗಿಲು ಇದೆಯಾ ನೋಡಿ

ಪೊರೆ ಕೊಬ್ಬಿನದು. ಅಯಾನು ತನ್ನ ಸುತ್ತ ನೀರಿನ ಕಣಗಳನ್ನು ಹೊದ್ದುಕೊಂಡಿರುತ್ತದೆ. ಆ ಹೊದಿಕೆ ಬಿಟ್ಟು ಕೊಬ್ಬಿನೊಳಗೆ ನುಗ್ಗುವುದು ಅದಕ್ಕೆ ವಿಪರೀತ ದುಬಾರಿ. ಅದಕ್ಕೇ ಪೊರೆಯಲ್ಲಿ ಪ್ರೋಟೀನಿನ ಬಾಗಿಲುಗಳಿವೆ. ಅವೇ ಚಾನೆಲ್‌ಗಳು. ಒಂದೊಂದು ಚಾನೆಲ್ ಒಂದೊಂದು ಅಯಾನನ್ನು ಆರಿಸಿ ಬಿಡುತ್ತದೆ.

ಮಂಡ್ಯ ಕಡೆಯ ಮಕ್ಕಳಿಗೆ ಇಲ್ಲಿ ಕೆಆರ್‌ಎಸ್ ನೆನಪು ಮಾಡುತ್ತೇನೆ. ಕಟ್ಟೆಯಲ್ಲಿ ನೀರು 124.80 ಅಡಿ ತುಂಬಿರಬಹುದು. ಗೇಟು ಮುಚ್ಚಿದ್ದರೆ ನಾಲೆಗೆ ಹನಿಯೂ ಬರುವುದಿಲ್ಲ. ಕ್ಯಾಲ್ಸಿಯಂ ಹಾಗೆಯೇ. ಹೊರಗೆ ಹನ್ನೆರಡು ಸಾವಿರ ಪಟ್ಟು ಜಾಸ್ತಿ ಇದ್ದರೂ ಸುಮ್ಮನಿರುವ ಕೋಶಕ್ಕೆ ಅಷ್ಟಾಗಿ ನುಗ್ಗುವುದಿಲ್ಲ, ಯಾಕೆಂದರೆ ಗೇಟು ಮುಚ್ಚಿದೆ. ಏರುಪೇರು ಎಷ್ಟೇ ಇರಲಿ, ಬಾಗಿಲಿಲ್ಲದಿದ್ದರೆ ಚಲನೆ ಇಲ್ಲ.

ಆದರೆ ಕೆಆರ್‌ಎಸ್ ಹೋಲಿಕೆಯನ್ನು ಇಲ್ಲಿಗೇ ಬಿಡಿ. ಮೊದಲೆಲ್ಲ ನಾನು ಅದನ್ನು ಪಾಠದ ಕೊನೆ ತನಕ ಎಳೆಯುತ್ತಿದ್ದೆ. ಅದರಿಂದಲೇ ಮಕ್ಕಳು ಕೆಟ್ಟರು ಅನ್ನಬೇಕು. ನೀರು ಹರಿದರೆ ಕಟ್ಟೆಯ ಮಟ್ಟ ಇಳಿಯುತ್ತದೆ. ಕೋಶದಲ್ಲಿ ಹಾಗಾಗುವುದಿಲ್ಲ. ಯಾಕೆ ಅಂತ ನಾಲ್ಕನೇ ಹಂತದಲ್ಲಿ ಬರುತ್ತದೆ.

ಹಂತ 3: ಸಾರತೆಯ ಬಾಣ ಎಳೆಯಿರಿ, ಉತ್ತರ ಹೇಳಬೇಡಿ

ಮೊದಲ ಬಣ್ಣದ ಪೆನ್ನು ತೆಗೆದುಕೊಳ್ಳಿ. ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಬಾಣ ಹಾಕಿ. ಪೊಟ್ಯಾಸಿಯಂಗೆ ಹೊರಕ್ಕೆ. ಸೋಡಿಯಂ, ಕ್ಲೋರೈಡ್, ಕ್ಯಾಲ್ಸಿಯಂಗೆ ಒಳಕ್ಕೆ.

ಈ ಬಾಣದ ಹಿಂದೆ ಯಾರೂ ತಳ್ಳುತ್ತಿಲ್ಲ. ಕಣಗಳು ಸುಮ್ನೆ ದಿಕ್ಕಿಲ್ಲದೆ ಅಡ್ಡಾಡುತ್ತವೆ. ಒಳಗೆ 140 ಇದ್ದು ಹೊರಗೆ 4 ಇದ್ದರೆ, ಬಾಗಿಲಿಗೆ ಒಳಗಿನಿಂದ ಬಂದು ಬಡಿಯುವವು ಜಾಸ್ತಿ, ಹೊರಗಿನಿಂದ ಕಡಿಮೆ. ಕಳೆದರೆ ಉಳಿಯುವುದು ಹೊರಮುಖದ ಹರಿವು. ಹೊರಗಿನಿಂದ ಒಳಗೆ ಬರುವವೂ ಇವೆ ಎಂಬುದನ್ನು ಮರೆಯಬೇಡಿ. "ಎಲ್ಲವೂ ಹೊರಗೆ ಹೋಗುತ್ತವೆ" ಎಂದು ಬರೆದರೆ ಅಂಕ ಹೋಯಿತು.

ಮನೆಯಲ್ಲಿ ಮಲ್ಲಿಗೆ ದಂಡೆ ಇಟ್ಟರೆ ಘಮ ಹಜಾರಕ್ಕೆಲ್ಲ ಹರಡುತ್ತದಲ್ವಾ? ಅಲ್ಲಿ ಈ ಒಂದೇ ಬಾಣ ಸಾಕು. ಘಮದ ಕಣಕ್ಕೆ ವಿದ್ಯುತ್ ಚಾರ್ಜ್ ಇಲ್ಲ. ಅಯಾನಿಗೆ ಇದೆ. ಎಲ್ಲರೂ ಎಡವುವುದು ಇಲ್ಲೇ: ಮಲ್ಲಿಗೆಯ ನಿಯಮವನ್ನು ಸೋಡಿಯಂಗೆ ಹಚ್ಚುತ್ತಾರೆ.

ಹಂತ 4: ವೋಲ್ಟೇಜಿನ ಬಾಣ ಎಳೆಯಿರಿ

ಈಗ ಎರಡನೇ ಬಣ್ಣ. ಒಳಗು ಋಣ. ಹಾಗಾದರೆ ಧನ ಅಯಾನನ್ನು ಅದು ಒಳಕ್ಕೆ ಎಳೆಯುತ್ತದೆ, ಋಣ ಅಯಾನನ್ನು ಹೊರಕ್ಕೆ ದೂಡುತ್ತದೆ. ಪೊಟ್ಯಾಸಿಯಂಗೆ ವೋಲ್ಟೇಜಿನ ಬಾಣ ಒಳಕ್ಕೆ, ಕ್ಲೋರೈಡಿಗೆ ಹೊರಕ್ಕೆ. ಸೋಡಿಯಂ ಮತ್ತು ಕ್ಯಾಲ್ಸಿಯಂಗೆ ಎರಡು ಬಾಣವೂ ಒಳಕ್ಕೇ ಇವೆ. ಅವೆರಡರ ತೀರ್ಪು ಇಲ್ಲಿಗೇ ಗೊತ್ತಾಯಿತು. ಜಗಳ ಇರುವುದು ಪೊಟ್ಯಾಸಿಯಂ ಮತ್ತು ಕ್ಲೋರೈಡಿನಲ್ಲಿ.

ಈ ವೋಲ್ಟೇಜ್ ಎಲ್ಲಿಂದ ಬಂತು? ಇದು ಅರ್ಥವಾಗದೆ ಸೂತ್ರ ಉರು ಹೊಡೆದರೆ ಪ್ರಯೋಜನ ಇಲ್ಲ. ಪೊಟ್ಯಾಸಿಯಂ ಬಾಗಿಲು ಮಾತ್ರ ತೆರೆದಿರುವ ಕೋಶವನ್ನು ನೆನೆಸಿಕೊಳ್ಳಿ. ಶುರುವಿನಲ್ಲಿ ವೋಲ್ಟೇಜ್ ಸೊನ್ನೆ. ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಹೋಗುವಾಗ ತನ್ನ ಧನ ಚಾರ್ಜನ್ನೂ ಹೊತ್ತೊಯ್ಯುತ್ತದೆ. ಅದರ ಜೋಡಿಯ ಋಣ ಕಣಗಳಿಗೆ ಬಾಗಿಲಿಲ್ಲ, ಅವು ಒಳಗೇ ಉಳಿಯುತ್ತವೆ. ಒಳಗು ಋಣವಾಗುತ್ತಾ ಹೋಗುತ್ತದೆ. ಋಣವಾದಷ್ಟೂ ಪೊಟ್ಯಾಸಿಯಂ ಅನ್ನು ಹಿಂದಕ್ಕೆ ಎಳೆಯುತ್ತದೆ. ಒಂದು ಹಂತದಲ್ಲಿ ಹೋಗುವವೂ ಬರುವವೂ ಸಮ. ಅಲ್ಲಿಗೆ ನಿಂತಿತು.

ಹಾಗಾದರೆ ಎಷ್ಟು ಅಯಾನು ಹೊರಗೆ ಹೋಗಿರಬೇಕು? ಕ್ಲಾಸಿನಲ್ಲಿ ಕೇಳಿದರೆ "ಅರ್ಧ" ಅನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. 20 ಮೈಕ್ರೋಮೀಟರ್ ಅಗಲದ ಗುಂಡು ಕೋಶ ಇರಲಿ. ಪೊರೆಯ ಒಂದು ಚದರ ಸೆಂಟಿಮೀಟರಿಗೆ ಸುಮಾರು 1 ಮೈಕ್ರೋಫ್ಯಾರಡ್ ಧಾರಣಶಕ್ತಿ, ಅಂದರೆ ಚಾರ್ಜ್ ಹಿಡಿದಿಡುವ ಶಕ್ತಿ. 70 ಮಿಲಿವೋಲ್ಟ್ ಬರಬೇಕಾದರೆ ಸುಮಾರು 55 ಲಕ್ಷ ಅಯಾನು ದಾಟಿದರೆ ಸಾಕು. ಕೋಶದೊಳಗೆ ಇರುವ ಪೊಟ್ಯಾಸಿಯಂ ಎಷ್ಟು ಗೊತ್ತಾ? ಸುಮಾರು 35 ಸಾವಿರ ಕೋಟಿ. ಲಕ್ಷಕ್ಕೆ ಒಂದೋ ಎರಡೋ ಹೋದರೆ ಅಷ್ಟು ವೋಲ್ಟೇಜ್ ಎದ್ದು ನಿಲ್ಲುತ್ತದೆ!

ಅಂದರೆ ಸಾರತೆ ಕದಲುವ ಮೊದಲೇ ವೋಲ್ಟೇಜ್ ಎದ್ದಿರುತ್ತದೆ. 140 ಹಾಗೇ 140. ಕೆಆರ್‌ಎಸ್ ಹೋಲಿಕೆ ಮುರಿಯುವುದು ಇಲ್ಲಿಯೇ. "ಎರಡೂ ಕಡೆ ಸಾರತೆ ಸಮ ಆದಾಗ ಹರಿವು ನಿಲ್ಲುತ್ತದೆ" ಎಂದು ನಿಮ್ಮ ನೋಟ್ಸಿನಲ್ಲಿದ್ದರೆ ಅದರ ಮೇಲೆ ಅಡ್ಡಗೆರೆ ಎಳೆಯಿರಿ.

ಹಂತ 5: ಆ ಅಯಾನಿನ ಸ್ವಂತ ಊರು ಕಂಡುಹಿಡಿಯಿರಿ

ಎರಡು ಬಾಣ ಸರಿಸಮ ಆಗುವ ವೋಲ್ಟೇಜಿಗೆ ನರ್ನ್‌ಸ್ಟ್ ವಿಭವ ಅಂತ ಹೆಸರು. ನಾನು ಅದನ್ನು ಅಯಾನಿನ ಊರು ಅನ್ನುತ್ತೇನೆ. ದೇಹದ ಉಷ್ಣತೆಗೆ ಸೂತ್ರ ಹೀಗೆ:

ಊರು = (61.5 ÷ ಚಾರ್ಜ್) × ಲಾಗ್ (ಹೊರಗೆ ÷ ಒಳಗೆ)

ಉತ್ತರ ಮಿಲಿವೋಲ್ಟಿನಲ್ಲಿ ಬರುತ್ತದೆ. ಒಂದೊಂದಾಗಿ ಮಾಡೋಣ.

ಪೊಟ್ಯಾಸಿಯಂ: 4 ÷ 140. ತಲೆಕೆಳಗು ಮಾಡಿದರೆ 35. ಲಾಗ್ 35 ಅಂದರೆ ಲಾಗ್ 7 ಮತ್ತು ಲಾಗ್ 5 ಕೂಡಿಸಿ, 1.55. ತಲೆಕೆಳಗು ಮಾಡಿದ್ದಕ್ಕೆ ಮೈನಸ್. ಗುಣಿಸಿದರೆ −95.

ಸೋಡಿಯಂ: 145 ÷ 12, ಸುಮಾರು 12. ಲಾಗ್ 1.08. ಊರು ಸುಮಾರು +67.

ಕ್ಲೋರೈಡ್: 110 ÷ 10, ಅಂದರೆ 11. ಲಾಗ್ 1.04. ಚಾರ್ಜ್ −1, ಹಾಗಾಗಿ −64.

ಕ್ಯಾಲ್ಸಿಯಂ: 1.2 ÷ 0.0001, ಅಂದರೆ 12,000. ಲಾಗ್ 4.08. ಚಾರ್ಜ್ 2, ಹಾಗಾಗಿ 61.5ರ ಅರ್ಧ 30.75. ಊರು ಸುಮಾರು +125.

ಇಲ್ಲಿ ನಾನು ನೋಡಿರುವ ತಪ್ಪುಗಳು ಇವು.

ಭಾಗಾಕಾರ ಉಲ್ಟಾ ಮಾಡುವುದು. ಪೊಟ್ಯಾಸಿಯಂಗೆ ಪ್ಲಸ್ ಬಂದರೆ ಇದೇ ತಪ್ಪು, ಬೇರೆ ಹುಡುಕಬೇಡಿ.

ಕ್ಲೋರೈಡಿನ ಮೈನಸ್ ಮರೆಯುವುದು. ಕ್ಯಾಲ್ಸಿಯಂನ 2 ಮರೆಯುವುದು. ಕ್ಯಾಲ್ಸಿಯಂ ಊರು 250 ಅಂತ ಬಂದರೆ ಅದೇ.

ಎರಡು ಬಗೆಯ ಲಾಗ್ ಕಲಸುವುದು. 61.5 ಜೊತೆಗೆ ಹತ್ತರ ಲಾಗ್. ನೈಸರ್ಗಿಕ ಲಾಗ್ ಬಳಸಿದರೆ 26.7. ಕ್ಯಾಲ್ಸಿಯಂ ಊರು ಮುನ್ನೂರರ ಹತ್ತಿರ ಬಂದರೆ ತಪ್ಪು ಕೀ ಒತ್ತಿದ್ದೀರಿ ಅಂತ ಅರ್ಥ.

ಅಳತೆ ಬೇರೆ ಬೇರೆ ಇಡುವುದು. ಪ್ರಶ್ನೆಯಲ್ಲಿ ಒಳಗಿನ ಕ್ಯಾಲ್ಸಿಯಂ 100 ನ್ಯಾನೋಮೋಲಾರ್ ಅಂತ ಕೊಟ್ಟಿರುತ್ತಾರೆ, ಹೊರಗಿನದು 1.2 ಮಿಲಿಮೋಲಾರ್. ನೇರ ಭಾಗಿಸಿದರೆ ಕೆಟ್ಟಿರಿ.

ಉಷ್ಣತೆ ನೋಡದೆ ಇರುವುದು. 25 ಡಿಗ್ರಿಗೆ 61.5 ಅಲ್ಲ, 59.

ಹಂತ 6: ಈಗ ಎಲ್ಲಿದ್ದೀರಿ, ಊರು ಯಾವ ಕಡೆ? ಈಗ ಉತ್ತರ ಹೇಳಿ

ಪುಸ್ತಕದ ದಾರಿ ಹೀಗೆ: ಈಗಿನ ವೋಲ್ಟೇಜಿನಿಂದ ಊರನ್ನು ಕಳೆಯಿರಿ. ಧನ ಅಯಾನಿಗೆ ಉತ್ತರ ಪ್ಲಸ್ ಬಂದರೆ ಹೊರಕ್ಕೆ, ಮೈನಸ್ ಬಂದರೆ ಒಳಕ್ಕೆ. ಋಣ ಅಯಾನಿಗೆ ಇದರ ಉಲ್ಟಾ. ದಾರಿ ಸರಿಯೇ ಇದೆ. ಆದರೆ ಆ "ಉಲ್ಟಾ" ಪರೀಕ್ಷೆಯ ಗಡಿಬಿಡಿಯಲ್ಲಿ ಯಾರಿಗೂ ನೆನಪಿರುವುದಿಲ್ಲ.

ನನ್ನ ದಾರಿ ಬೇರೆ. ಮೈಸೂರು–ಬೆಂಗಳೂರು ರೈಲು ಮಾರ್ಗ ಬರೆಯಿರಿ. ಮೈಸೂರು −95, ಅದು ಪೊಟ್ಯಾಸಿಯಂ ಊರು. ಬೆಂಗಳೂರು +67, ಸೋಡಿಯಂ ಊರು. ಸುಮ್ಮನಿರುವ ನರಕೋಶ −70ರಲ್ಲಿದೆ, ಅಂದರೆ ಶ್ರೀರಂಗಪಟ್ಟಣ ಈಗಷ್ಟೇ ದಾಟಿದೆ. ಕ್ಲೋರೈಡ್ ಊರು −64, ಪಾಂಡವಪುರ ಸ್ಟೇಷನ್ ಹತ್ತಿರ. ಕ್ಯಾಲ್ಸಿಯಂ ಊರು ಬೆಂಗಳೂರನ್ನೂ ದಾಟಿ ಕೋಲಾರದ ಕಡೆ. ಅಳತೆ ಕರಾರುವಾಕ್ಕಲ್ಲ, ಆದರೆ ಮೋಸವೂ ಇಲ್ಲ.

ಈಗ ನಿಯಮ ಒಂದೇ: ಯಾವ ಅಯಾನಿನ ಬಾಗಿಲು ತೆರೆಯುತ್ತದೋ, ಅದು ಪೊರೆಯ ವೋಲ್ಟೇಜನ್ನು ತನ್ನ ಊರಿನ ಕಡೆಗೆ ಎಳೆಯುತ್ತದೆ. ಆ ಎಳೆತಕ್ಕೆ ಅಯಾನು ಯಾವ ಕಡೆ ಹೋಗಬೇಕು ಅಂತ ಕೇಳಿಕೊಳ್ಳಿ.

ಪೊಟ್ಯಾಸಿಯಂ: ರೈಲು ಮೈಸೂರಿಗೆ ಹೋಗಬೇಕು. ಒಳಗು ಇನ್ನೂ ಋಣ ಆಗಬೇಕು. ಧನ ಅಯಾನು ಹೊರಗೆ ಹೋದರೆ ಹಾಗಾಗುತ್ತದೆ. ಉತ್ತರ: ಹೊರಕ್ಕೆ. ದೂರ 25 ಮಿಲಿವೋಲ್ಟ್.

ಸೋಡಿಯಂ: ಬೆಂಗಳೂರಿಗೆ ಹೋಗಬೇಕು. ಧನ ಅಯಾನು ಒಳಗೆ ಬರಬೇಕು. ದೂರ 137. ಅದಕ್ಕೇ ಸೋಡಿಯಂ ಬಾಗಿಲು ತೆರೆದ ಕೂಡಲೇ ಅಷ್ಟೊಂದು ನುಗ್ಗುತ್ತದೆ.

ಕ್ಲೋರೈಡ್: ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ. ಋಣ ಸ್ವಲ್ಪ ಕಡಿಮೆ ಆಗಬೇಕು. ಋಣ ಅಯಾನು ಹೊರಗೆ ಹೋದರೆ ಕಡಿಮೆಯಾಗುತ್ತದೆ. ಉತ್ತರ: ಹೊರಕ್ಕೆ. ದೂರ ಬರೀ 6. ಮೊದಲ ಪ್ರಶ್ನೆಯ ಉತ್ತರ ಸಿಕ್ಕಿತಲ್ಲ?

ಅದೇ ವೋಲ್ಟೇಜ್ −60 ಆಗಿದ್ದರೆ ರೈಲು ಪಾಂಡವಪುರ ದಾಟಿರುತ್ತದೆ. ಹಿಂದಕ್ಕೆ ಬರಬೇಕು. ಆಗ ಕ್ಲೋರೈಡ್ ಒಳಗೆ ಬರುತ್ತದೆ. ಸಾರತೆ ಒಂದು ಚೂರೂ ಬದಲಾಗಿಲ್ಲ, ದಿಕ್ಕು ಬದಲಾಯಿತು. ಈ ಒಂದು ಉದಾಹರಣೆಯನ್ನು ಎರಡು ಸಲ ಬರೆದು ನೋಡಿ. ಅರ್ಧ ಅಧ್ಯಾಯ ಇದರಲ್ಲೇ ಇದೆ.

ನರದಲ್ಲಿ ಸಂದೇಶ ಓಡುವಾಗ ಸೋಡಿಯಂ ಬಾಗಿಲು ತೆರೆದು ರೈಲು ಬಿಡದಿ ತನಕ, ಅಂದರೆ +30ರ ಸುಮಾರಿಗೆ ಬರುತ್ತದೆ. ಬೆಂಗಳೂರು ಮುಟ್ಟುವುದಿಲ್ಲ. ಅಷ್ಟರಲ್ಲಿ ಸೋಡಿಯಂ ಬಾಗಿಲು ಜಡವಾಗುತ್ತದೆ, ಪೊಟ್ಯಾಸಿಯಂ ಬಾಗಿಲುಗಳು ಇನ್ನಷ್ಟು ತೆರೆದು ಮೈಸೂರಿನ ಕಡೆ ಎಳೆಯುತ್ತವೆ.

ಹಂತ 7: ಹಲವು ಬಾಗಿಲು ಒಟ್ಟಿಗೆ ತೆರೆದಿದ್ದರೆ

ಕೋಶ −95ರಲ್ಲಿ ಯಾಕೆ ಕೂರುವುದಿಲ್ಲ, −70ರಲ್ಲಿ ಯಾಕೆ? ಸೋಡಿಯಂಗೂ ಸಣ್ಣ ಸಂದು ಇದೆ. ಪೊಟ್ಯಾಸಿಯಂ ದಾರಿ 1 ಅಂತ ಇಟ್ಟರೆ ಸೋಡಿಯಂ ದಾರಿ 0.04 ಅಂತ ತೆಗೆದುಕೊಳ್ಳಿ. ಒಂದೊಂದು ಅಯಾನಿನ ಅಂಕಿಯನ್ನು ಅದರ ದಾರಿಯಿಂದ ಗುಣಿಸಿ, ಹೊರಗಿನವನ್ನು ಭಾಗಾಕಾರದ ಮೇಲೆ, ಒಳಗಿನವನ್ನು ಕೆಳಗೆ ಕೂಡಿಸಿ. ಆಗ ಮೇಲೆ 4 + 0.04 × 145, ಅಂದರೆ 9.8. ಕೆಳಗೆ 140 + 0.04 × 12, ಅಂದರೆ 140.5. ಭಾಗಿಸಿ ಲಾಗ್ ತೆಗೆದು 61.5ರಿಂದ ಗುಣಿಸಿದರೆ −71.

ಕ್ಲೋರೈಡನ್ನೂ ಸೇರಿಸುವುದಾದರೆ ಅದರ ಒಳಗಿನ ಅಂಕಿ ಮೇಲೆ, ಹೊರಗಿನದು ಕೆಳಗೆ ಹೋಗುತ್ತದೆ. ಅದರ ಚಾರ್ಜ್ ಋಣ ತಾನೆ, ಅದಕ್ಕೆ. ಸದ್ಯಕ್ಕೆ ಇಷ್ಟು ಸಾಕು.

ಹಂತ 8: ಪಂಪನ್ನು ಅದರ ಜಾಗದಲ್ಲಿ ಇಡಿ

ಸೋಡಿಯಂ–ಪೊಟ್ಯಾಸಿಯಂ ಪಂಪು ಪೊರೆಯಲ್ಲಿರುವ ಇನ್ನೊಂದು ಪ್ರೋಟೀನು. ಅದು ಒಂದು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಖರ್ಚು ಮಾಡಿ 3 ಸೋಡಿಯಂ ಹೊರಗೆ ಹಾಕುತ್ತದೆ, 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಇದನ್ನು ಓದಿದ ಕೂಡಲೇ "−70 ಬರುವುದು ಪಂಪಿನಿಂದ" ಎಂದು ಬರೆಯುತ್ತಾರೆ. ನೇರವಾಗಿ ಪಂಪಿನಿಂದ ಬರುವುದು ಕೆಲವೇ ಮಿಲಿವೋಲ್ಟ್.

ಮನೆ ಮೇಲಿನ ಟ್ಯಾಂಕ್ ನೆನೆಸಿಕೊಳ್ಳಿ. ಕರೆಂಟ್ ಹೋದರೆ ಮೋಟಾರ್ ನಿಲ್ಲುತ್ತದೆ, ನಲ್ಲಿ ನಿಲ್ಲುವುದಿಲ್ಲ. ಟ್ಯಾಂಕ್ ಖಾಲಿಯಾಗುವ ತನಕ ನೀರು ಬರುತ್ತದೆ. ಪಂಪು ಮೋಟಾರ್, ಸಾರತೆಯ ಏರುಪೇರು ಟ್ಯಾಂಕಿನ ನೀರು. ಪಂಪು ನಿಲ್ಲಿಸಿದರೆ ವೋಲ್ಟೇಜ್ ಅದೇ ಕ್ಷಣ ಸೊನ್ನೆಗೆ ಬೀಳುವುದಿಲ್ಲ, ನಿಧಾನಕ್ಕೆ ಇಳಿಯುತ್ತದೆ.

ಕೈಗೆ ಅಭ್ಯಾಸ ಆಗಲು ಒಂದು ಲೆಕ್ಕ

ಮದ್ದೂರಿನ ಎಳನೀರು ಮಾರುಕಟ್ಟೆ ಗೊತ್ತಲ್ಲ. ಎಳನೀರಿನಲ್ಲಿ ಸೋಡಿಯಂಗಿಂತ ಪೊಟ್ಯಾಸಿಯಂ ಜಾಸ್ತಿ. ಆರೋಗ್ಯವಂತರಿಗೆ ತೊಂದರೆ ಇಲ್ಲ, ಹೆಚ್ಚಾದದ್ದನ್ನು ಮೂತ್ರಪಿಂಡ ಹೊರಗೆ ಹಾಕುತ್ತದೆ. ಮೂತ್ರಪಿಂಡ ಸೋತವರಿಗೆ ಡಾಕ್ಟರು ಎಳನೀರು ಬೇಡ ಅನ್ನುವುದು ಇದಕ್ಕೇ. ಅಂಥವರ ರಕ್ತದಲ್ಲಿ ಪೊಟ್ಯಾಸಿಯಂ 4ರಿಂದ 8ಕ್ಕೆ ಏರಿತು ಅಂದುಕೊಳ್ಳಿ. ಏನಾಗುತ್ತದೆ?

ಐದನೇ ಹಂತಕ್ಕೆ ಹೋಗಿ. 140 ÷ 8 = 17.5. ಲಾಗ್ 1.24. ಊರು −76. ಮೈಸೂರೇ ಶ್ರೀರಂಗಪಟ್ಟಣದ ಕಡೆ ಸರಿದು ಬಂದಂತೆ ಆಯಿತು.

ಏಳನೇ ಹಂತಕ್ಕೆ ಹೋಗಿ. ಮೇಲೆ 8 + 5.8 = 13.8. ಕೆಳಗೆ ಅದೇ 140.5. ಉತ್ತರ −62. ಕೋಶ −71 ಬಿಟ್ಟು −62ರಲ್ಲಿ ಕೂತಿದೆ.

"ಹಾಗಾದರೆ ಸಂದೇಶ ಸುಲಭವಾಗಿ ಏಳಬೇಕಲ್ವಾ ಸರ್?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಮೊದಲಿಗೆ ಸುಲಭವೇ ಆಗಬಹುದು. ಆದರೆ ವೋಲ್ಟೇಜ್ ಹೀಗೆ ಮೇಲೆಯೇ ಉಳಿದುಬಿಟ್ಟರೆ ಸೋಡಿಯಂ ಬಾಗಿಲುಗಳಲ್ಲಿ ಹಲವು ಜಡವಾಗಿ ಮುಚ್ಚಿಕೊಳ್ಳುತ್ತವೆ. ಆಗ ಬೆಂಗಳೂರಿನ ಕಡೆ ಎಳೆಯುವವರೇ ಇರುವುದಿಲ್ಲ. ಹೃದಯದ ಸ್ನಾಯುವಿನಲ್ಲಿ ಇದೇ ಆದರೆ ಬಡಿತದ ಲಯ ತಪ್ಪುತ್ತದೆ, ನಿಂತೂ ಹೋಗಬಹುದು. ಆಸ್ಪತ್ರೆಯಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇಂಜೆಕ್ಷನನ್ನು ನೀರು ಮಾಡದೆ ನೇರ ರಕ್ತನಾಳಕ್ಕೆ ಕೊಡುವುದಿಲ್ಲ. ಡ್ರಿಪ್‌ನಲ್ಲಿ ಬೆರೆಸಿ, ನಿಧಾನಕ್ಕೆ ಬಿಡುತ್ತಾರೆ.

ಈಗ ಹೊರಗಿನ ಪೊಟ್ಯಾಸಿಯಂ 2ಕ್ಕೆ ಇಳಿದರೆ ಏನು ಅಂತ ನೀವೇ ಮಾಡಿ ನೋಡಿ. ಊರು −113, ಕೋಶ −77 ಬಂದರೆ ಲೆಕ್ಕ ಸರಿ ಇದೆ.